ಮಂಡೇ ಕೆಟಲ್ ತಂಡದ ಪಿಟೀಲು

ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಹಲಗೆ ಇದೆ. ಬರಿಯ ಹಲಗೆಯಲ್ಲ, ಕೆಳಗೆ ಗಿಡ್ಡ ಕಾಲುಗಳು, ಮೇಲೆ ಬಿಗಿದ ಹಸಿರು ಬಟ್ಟೆ, ಒಬ್ಬರು ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರಬಹುದಾದಷ್ಟು ಅಗಲ. ಅಕ್ಕಿ ಮೂಟೆ, ಹಾಲಿನ ಗ್ಯಾಲನ್ನು, ಹಿಮ ಎತ್ತುವ ಸಲಿಕೆ ಎಲ್ಲವೂ ಅದರ ಮೇಲೆ ಕೂತೇ ಡೆಟ್ರಾಯಿಟ್ ಪಕ್ಕದ ನಮ್ಮ ಸೌತ್‌ಫೀಲ್ಡಿನ ರಸ್ತೆಗಳಲ್ಲಿ ಸವಾರಿ ಮಾಡುತ್ತವೆ. ಅದನ್ನು ತೆಗೆದು ಗರಾಜಿನಲ್ಲಿಟ್ಟರೆ ಡಿಕ್ಕಿಗೆ ಎಷ್ಟೋ ಜಾಗವಾಗುತ್ತದೆ. ಆದರೆ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ.

ಮೊನ್ನೆ ನಮ್ಮ ಬಡಾವಣೆಯ ಬಸವರಾಜರನ್ನು ಏರ್‌ಪೋರ್ಟಿಗೆ ಬಿಡಲು ಹೊರಟಾಗ, ಸೂಟ್‌ಕೇಸ್ ಇಡಲು ಡಿಕ್ಕಿ ತೆರೆದ ಅವರು ಹಾಗೇ ನಿಂತರು. ಬಸವರಾಜರು ಹುಬ್ಬಳ್ಳಿಯವರು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವವರಲ್ಲ.

"ಏನ್ರೀ ಶ್ರೀಕಂಠ, ಸತ್ಯನಾರಾಯಣ ಪೂಜಿ ಮಣಿ ಕಾರಿನ್ಯಾಗ ಇಟ್ಕೊಂಡು ಅಡ್ಡಾಡ್ತೀರೇನು?"

"ಪೂಜೆಗಲ್ಲ ಬಸವರಾಜ್. ಅದರ ಮೇಲೆ ನಮ್ಮ ವಸುಧಾ ಕೂತ್ಕೋತಾಳೆ."

"ಯಾಕ, ಮನ್ಯಾಗ ಕುರ್ಚಿ ಇಲ್ಲೇನು?"

ಹೇಳತೊಡಗಿದೆ. ಅರ್ಧ ಕಥೆ ಆಗುವಷ್ಟರಲ್ಲಿ ಏರ್‌ಪೋರ್ಟಿನ ಎಕ್ಸಿಟ್ ಬಂತು, ಅವರು ಇಳಿದು ಹೋದರು. ಅವರಿಗೆ ತಪ್ಪಿಹೋದ ಅರ್ಧವನ್ನೂ ಸೇರಿಸಿ ನಿಮಗೆ ಹೇಳುತ್ತೇನೆ. ನಿಮಗೇನೂ ಫ್ಲೈಟ್ ಹಿಡಿಯುವ ಅವಸರವಿಲ್ಲ ಎಂದುಕೊಂಡಿದ್ದೇನೆ.

ನನ್ನ ಹೆಂಡತಿ ವಸುಧಾ ಐರಿಷ್ ಸಂಗೀತದ ಒಂದು ಪುಟ್ಟ ತಂಡದಲ್ಲಿ ಪಿಟೀಲು ನುಡಿಸುತ್ತಾಳೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಈ ಜನಪದ ಸಂಗೀತಕ್ಕೆ ಇಲ್ಲಿ ಒಟ್ಟಾಗಿ ಕೆಲ್ಟಿಕ್ ಎನ್ನುತ್ತಾರೆ. ತಂಡದ ಹೆಸರು ಮಂಡೇ ಕೆಟಲ್. ಸೋಮವಾರ ಸಂಜೆ ಸೇರುತ್ತಾರೆ, ಮೊದಲು ಟೀಗೆ ನೀರಿಡುತ್ತಾರೆ. ಹೆಸರಿನ ಹಿಂದೆ ಅದಕ್ಕಿಂತ ಗಹನವಾದದ್ದೇನೂ ಇಲ್ಲ. ತಂಡದಲ್ಲಿರುವವರು ನಾಲ್ಕು ಜನ. ಐದನೆಯವನು ನಾನು. ನನ್ನ ವಾದ್ಯ ಕಾರು. ಸ್ಪೀಕರ್ ಹೊರುವುದು, ವೈರು ಸುತ್ತುವುದು, ಎಲ್ಲರ ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತು ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟುವುದು ನನ್ನ ಕೆಲಸ. ಸರಿಯಾದ ಜಾಗ ಯಾವುದೆಂದು ವಸುಧಾ ಹುಬ್ಬು ಹಾರಿಸಿ ತಿಳಿಸುತ್ತಾಳೆ.

ಸಂಗೀತಕ್ಕೂ ನನಗೂ ಸಂಬಂಧ ಬೆಳೆಸಲು ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಅಪ್ಪ ನನ್ನನ್ನು ಹಾಡುಗಾರಿಕೆಗೆ ಸೇರಿಸಿದ್ದರು. ಸರಳೆ ವರಸೆ ಮುಗಿಯುವ ಮೊದಲೇ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದು, ಕಾಫಿ ಕುಡಿದು, "ಹುಡುಗ ಬಹಳ ವಿನಯವಂತ. ಅಕ್ಷರ ದುಂಡಗಿದೆ. ಚಪ್ಪಲಿ ಸಾಲಾಗಿ ಬಿಡ್ತಾನೆ" ಎಂದರು. ಅಪ್ಪ ಹಿಗ್ಗಿದರು. ಅಮ್ಮನಿಗೆ ಮಾತ್ರ ಅರ್ಥವಾಯಿತು. ಮುಂದಿನ ವಾರದಿಂದ ನಾನು ಟೈಪಿಂಗ್ ಕ್ಲಾಸಿಗೆ ಹೋದೆ.

ಅದೇ ಊರಿನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ವಸುಧಾ ಕಮಲಮ್ಮ ಟೀಚರ ಮುಂದೆ ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡು ವರ್ಣಗಳನ್ನು ಸಾಧನೆ ಮಾಡುತ್ತಿದ್ದಳು. ಮದುವೆಯಾದ ಮೇಲೆ ಆ ಪಿಟೀಲು ನಮ್ಮ ಜೊತೆ ಮಿಶಿಗನ್ನಿಗೆ ಬಂತು. ಬಂದದ್ದು ಕ್ಲಾಸೆಟ್ಟಿನ ಮೇಲುಹಲಗೆ ಏರಿ ಕೂತಿತು. ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ಇಳಿಯುತ್ತಿತ್ತು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳು ದೇವರನಾಮ ಹಾಡುವಾಗ ಅವರ ತಪ್ಪುಗಳನ್ನು ಮುಚ್ಚುತ್ತಿತ್ತು, ಮತ್ತೆ ಏರುತ್ತಿತ್ತು. ವಸುಧಾ ದೂರಲಿಲ್ಲ. ಬ್ಯಾಂಕಿನ ಕೆಲಸ, ಮಗಳು ಮೇಘನಾಳ ಈಜು, ಸ್ಪೆಲ್ಲಿಂಗ್, ಕರಾಟೆ ಇವುಗಳ ನಡುವೆ ದೂರಲು ಅವಳಿಗೆ ಪುರುಸೊತ್ತು ಇರಲಿಲ್ಲ.

ಮೇಘನಾ ಓದು ಮುಗಿಸಿ, ಶಿಕಾಗೊದಲ್ಲಿ ಕೆಲಸ ಹಿಡಿದು ಅದರ ಪಕ್ಕದ ಸ್ಕೋಕಿಯಲ್ಲಿ ಮನೆ ಮಾಡಿದ ವರ್ಷದ ಬೇಸಿಗೆ. ಹೊರಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಮನೆಯ ಏಸಿ ಕೆಟ್ಟಿತ್ತು. ತಣ್ಣಗೆ ಕೂರುವ ದುರಾಸೆಯಿಂದ ಲೈಬ್ರರಿಗೆ ಹೋದೆವು. ಅಲ್ಲಿ ಒಂದು ಮೂಲೆಯಲ್ಲಿ ಮೂರು ಜನ ಕುರ್ಚಿ ಹಾಕಿಕೊಂಡು ನುಡಿಸುತ್ತಿದ್ದರು. ನಡುವೆ ಬಿಳಿ ಕೂದಲಿನ ಎತ್ತರದ ಹೆಂಗಸು, ಕೈಯಲ್ಲಿ ಪಿಟೀಲು. ಅವರೇ ಐಲೀನ್, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಎಡಗಡೆ ಗಿಟಾರು ಹಿಡಿದ ಬ್ರಯನ್, ವೃತ್ತಿಯಲ್ಲಿ ದಂತವೈದ್ಯ. ಬಲಗಡೆ ಮರದ ಕೊಳಲಿನ ರೋಸ್, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರ್.

ನಾನು ಪತ್ರಿಕೆ ಬಿಡಿಸಿಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಮುಂಗೈ ಮೇಲೆ ಏನೋ ಓಡಾಡಿದ ಹಾಗಾಯಿತು. ವಸುಧಾಳ ಬೆರಳುಗಳು. ಕಣ್ಣು ಮುಚ್ಚಿಕೊಂಡು ಆ ಟ್ಯೂನನ್ನು ನನ್ನ ಕೈ ಮೇಲೆ ನುಡಿಸುತ್ತಿದ್ದಳು.

"ರೀ, ಇದು ಖರಹರಪ್ರಿಯ ಕಣ್ರೀ," ಎಂದು ಪಿಸುಗುಟ್ಟಿದಳು. "ಗಮಕ ಇಲ್ಲ ಅಷ್ಟೆ. ಸ್ವರ ಎಲ್ಲಾ ಅದೇ."

ಖರಹರಪ್ರಿಯವೋ ಕಾಂಬೋಡಿಯವೋ, ನನಗೆ ಎರಡೂ ದೂರದ ದೇಶಗಳೇ. "ಹೋಗಿ ಹೇಳು ಅವರಿಗೆ," ಎಂದೆ, ಸುಮ್ಮನೆ ಪತ್ರಿಕೆ ಓದಲು ಬಿಡಲಿ ಎಂದು. ನನ್ನ ಜೀವನದಲ್ಲಿ ಯೋಚಿಸದೆ ಆಡಿದ ಮಾತುಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅವಳು ನಿಜಕ್ಕೂ ಎದ್ದು ಹೋದಳು. ಕಾರ್ಯಕ್ರಮ ಮುಗಿದಿತ್ತು. ಏನೇನೋ ಮಾತಾಡಿದ ಮೇಲೆ ಐಲೀನ್ ತಮ್ಮ ಪಿಟೀಲನ್ನೇ ಅವಳ ಕೈಗೆ ಕೊಟ್ಟರು. ವಸುಧಾ ಸುತ್ತಲೂ ನೋಡಿ, ಕುರ್ಚಿ ಬಿಟ್ಟು, ಮಕ್ಕಳ ಪುಸ್ತಕಗಳ ವಿಭಾಗದ ಕಾರ್ಪೆಟ್ಟಿನ ಮೇಲೆ ಕಾಲು ಮಡಚಿ ಕೂತಳು. ಅವರ ಶ್ರುತಿಯ ತಂತಿಗಳ ಮೇಲೆ ಸ್ವಲ್ಪ ತಡಕಾಡಿ, ಚಿಕ್ಕಂದಿನಲ್ಲಿ ಕಲಿತ ಒಂದು ನೊಟ್ಟುಸ್ವರ ನುಡಿಸಿದಳು. ನಮ್ಮಲ್ಲಿ ಮಕ್ಕಳಿಗೆ ಕಲಿಸುತ್ತಾರಲ್ಲ, ಬ್ಯಾಂಡಿನ ಧಾಟಿಯ ಪುಟ್ಟ ಪುಟ್ಟ ರಚನೆಗಳು, ಅವು. ಬ್ರಿಟಿಷರ ಕಾಲದಲ್ಲಿ ಅವರ ಬ್ಯಾಂಡಿನವರು ನುಡಿಸುತ್ತಿದ್ದ ಟ್ಯೂನುಗಳಿಗೆ ನಮ್ಮವರು ಸಂಸ್ಕೃತದ ಮಾತು ಹಾಕಿ ನಮ್ಮದಾಗಿಸಿಕೊಂಡದ್ದು.

ಐಲೀನರ ಮುಖ ಬದಲಾಯಿತು. "ತಡಿ, ತಡಿ. ಇದನ್ನ ನಮ್ಮ ತಾತ ಗಡ್ಡ ಹೆರೆದುಕೊಳ್ಳುವಾಗ ಸಿಳ್ಳೆ ಹಾಕ್ತಿದ್ದರು. ನಿನಗೆ ಯಾರು ಹೇಳಿಕೊಟ್ಟರು?"

"ಮೈಸೂರಲ್ಲಿ ನಮ್ಮ ಕಮಲಮ್ಮ ಟೀಚರು."

"ಅವರಿಗೆ?"

"ಅವರ ಟೀಚರು."

"ಹಾಗಾದರೆ ನನ್ನ ಹಾಗೇ," ಎಂದರು ಐಲೀನ್. ಆಮೇಲೆ, "ಸೋಮವಾರ ಟೀಗೆ ಬಾ."

ಸೋಮವಾರಗಳು ಶುರುವಾದವು. ನಾನು ಡ್ರೈವರಾದ್ದರಿಂದ ನನಗೂ ಟೀ ಸಿಗುತ್ತಿತ್ತು. ಮೊದಲನೇ ಸಲ ವಸುಧಾ ಕೋಡುಬಳೆ ಒಯ್ದಿದ್ದಳು. ಬ್ರಯನ್ ಒಂದನ್ನು ಕಚ್ಚಿ, ಸದ್ದು ಕೇಳಿ, ಬೆಳಕಿಗೆ ಹಿಡಿದು ವೃತ್ತಿಪರ ಗಂಭೀರತೆಯಿಂದ ಪರೀಕ್ಷಿಸಿ, "ಇದನ್ನ ನನ್ನ ಪೇಷಂಟುಗಳಿಗೆಲ್ಲ ಕೊಡಿ, ನಾನು ಇನ್ನೊಂದು ಕ್ಲಿನಿಕ್ ತೆಗೀತೀನಿ" ಎಂದರು. ಆಮೇಲೆ ಡಬ್ಬಿ ಅವರ ಕಡೆಗೇ ಇತ್ತು.

ನುಡಿಸುವುದು ಮಾತ್ರ ಸುಲಭವಾಗಲಿಲ್ಲ. ಅವರ ಕುಣಿತದ ಟ್ಯೂನುಗಳ ಓಟಕ್ಕೆ ವಸುಧಾಳ ಕಮಾನು ಏದುಸಿರು ಬಿಡುತ್ತಿತ್ತು. ಅವಳ ಬೆರಳು ಅಭ್ಯಾಸಬಲದಿಂದ ಸ್ವರಗಳನ್ನು ತೂಗುತ್ತಿತ್ತು. ಅಲ್ಲಿ ತೂಗುವ ಹಾಗಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ, "ಅಷ್ಟು ವರ್ಷ ಅಲ್ಲಾಡಿಸೋದು ಕಲಿತೆ. ಈಗ ಅಲ್ಲಾಡಿಸದೆ ಇರೋದು ಕಲೀಬೇಕು, ನೋಡ್ರಿ ನನ್ನ ಹಣೆಬರಹ" ಎಂದು ನಗುತ್ತಿದ್ದಳು. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುಂಚೆ ಸಾಧನೆ, ಬಂದ ಮೇಲೆ ಸಾಧನೆ. ನಮ್ಮ ಮನೆಯ ಸಾರಿಗೆ ಉಪ್ಪು ಬೀಳದ ದಿನಗಳು ಹೆಚ್ಚಾದವು. ನಾನು ಬೇಳೆ ಬೇಯಿಸಲು ಕಲಿತೆ. ಕುಕ್ಕರಿನ ಸೀಟಿ ಎಣಿಸುವುದು ತಾಳಜ್ಞಾನವೇ ಎಂದು ಈಗಲೂ ವಾದಿಸುತ್ತೇನೆ. ಚಳಿಗಾಲ ಕಳೆಯುವಷ್ಟರಲ್ಲಿ ಐಲೀನ್ ಹೇಳಿದರು: "ಎಲ್ಲ ಕಡೆ ಬೇಡ. ಆದರೆ ಆ ನಿಧಾನದ ಟ್ಯೂನಿನ ಕೊನೆಯಲ್ಲಿ ನಿನ್ನ ಬೆರಳು ಒಂಚೂರು ನಡುಗುತ್ತಲ್ಲ, ಅದನ್ನ ಬಿಡಬೇಡ."

ಕೂರುವುದರ ಸಮಸ್ಯೆಯೊಂದು ಉಳಿಯಿತು. ಕುರ್ಚಿಯ ಮೇಲೆ ಅವಳಿಗೆ ಆಗುತ್ತಿರಲಿಲ್ಲ. ಪಿಟೀಲು ಜಾರುತ್ತಿತ್ತು, ಭುಜ ಸೆಟೆಯುತ್ತಿತ್ತು. ನೆಲದ ಮೇಲೆ ಕೂತರೆ ಸಭಿಕರಿಗೆ ಕಾಣುತ್ತಿರಲಿಲ್ಲ. ಒಂದು ಚರ್ಚಿನ ಹಾಲಿನಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು, ಕಾಣದ ಪಿಟೀಲನ್ನು ರೆಕಾರ್ಡಿಂಗ್ ಎಂದುಕೊಂಡು, ರೆಕಾರ್ಡಿಂಗ್ ಹಾಕುವುದು ಮೋಸವೆಂದು ಬಂದು ಜಗಳ ತೆಗೆದರು. ಮುಂದಿನ ಸೋಮವಾರ ಬ್ರಯನ್ ತಮ್ಮ ವ್ಯಾನಿನಿಂದ ಆ ಹಲಗೆ ಇಳಿಸಿದರು. ಅವರೇ ಕೊಯ್ದು, ಉಜ್ಜಿ, ಮೊಳೆ ಹೊಡೆದು ಮಾಡಿದ್ದು. ಹಲ್ಲಿನ ಡಾಕ್ಟರ ಕೈ, ಒಂದು ಮೂಲೆಯೂ ಒರಟಾಗಿಲ್ಲ.

ಈಗ ಶಿಕಾಗೊ ವಿಷಯಕ್ಕೆ ಬರುತ್ತೇನೆ. ಬಸವರಾಜರಿಗೆ ತಪ್ಪಿದ ಭಾಗ ಇದು.

ಐಲೀನರಿಗೆ ಶಿಕಾಗೊ ತವರು. ಅಲ್ಲಿಯ ದಕ್ಷಿಣ ಭಾಗದಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದವರು. ತವರಿನ ಹತ್ತಿರದ ಒಂದು ಐರಿಷ್ ಹಾಲಿನಲ್ಲಿ ವಸಂತಕಾಲದಲ್ಲಿ ಸಂಗೀತದ ಕೂಟ ನಡೆಯುತ್ತದೆ. ಹುಡುಗಿಯಾಗಿದ್ದಾಗ ತಾತನ ಜೊತೆ ಅವರು ನುಡಿಸಿದ ವೇದಿಕೆ ಅದು. ಈಚೆಗೆ ಅವರ ಬೆರಳ ಗೆಣ್ಣುಗಳು ಊದಿಕೊಳ್ಳುತ್ತಿದ್ದವು, ಚಳಿಯಲ್ಲಿ ಮಡಚಲೂ ಆಗುತ್ತಿರಲಿಲ್ಲ. "ಇನ್ನೊಂದು ಸಲ ಅಲ್ಲಿ ನುಡಿಸಿಬಿಟ್ಟರೆ ಸಾಕು" ಎಂದು ಒಂದು ಸೋಮವಾರ ಟೀ ಬಗ್ಗಿಸುತ್ತಾ ಅಂದಿದ್ದರು. ಆಹ್ವಾನ ಬಂದಾಗ ಅವರ ಸಂಭ್ರಮ ನೋಡಬೇಕಿತ್ತು. ಹೊಸ ಬಿಳಿ ಅಂಗಿ ಹೊಲಿಸಿದರು. ಅಣ್ಣ ಫ್ರಾಂಕ್ ಬರುತ್ತಾರೆ ಎಂದು ಎಲ್ಲರಿಗೂ ಹೇಳಿದರು.

ಮುನ್ನಾದಿನ ನಾವು ಐಲೀನರನ್ನೂ ಕೂರಿಸಿಕೊಂಡು ಹೊರಟು, ಸ್ಕೋಕಿಯಲ್ಲಿ ಮೇಘನಾಳ ಮನೆಯಲ್ಲಿ ಉಳಿದೆವು. ಬ್ರಯನ್, ರೋಸ್ ಬೇರೆ ಕಾರಿನಲ್ಲಿ ಬಂದರು. ಮಿಶಿಗನ್ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. "ಶಿಕಾಗೊ ನನಗೆ ಯಾವಾಗಲೂ ಒಂದು ಗಂಟೆ ವಾಪಸ್ ಕೊಡುತ್ತೆ" ಎಂದು ಐಲೀನ್ ಚಿಕ್ಕ ಹುಡುಗಿಯ ಹಾಗೆ ಕಿಟಕಿಗೆ ಅಂಟಿಕೊಂಡಿದ್ದರು.

ಮರುದಿನ ಮಧ್ಯಾಹ್ನ ನಾನು ಹಲಗೆ ಹೊತ್ತುಕೊಂಡು ಹಾಲಿನ ಪಕ್ಕದ ಬಾಗಿಲಿಂದ ಒಳಗೆ ಹೋದಾಗ, ಕಾರ್ಯಕ್ರಮದ ಮೇಲ್ವಿಚಾರಕರು ಅಡ್ಡ ಬಂದರು. ಡೆನಿಸ್ ಎಂದು ಹೆಸರು. ಕೆಟ್ಟ ಮನುಷ್ಯರಲ್ಲ, ಬೆಳಗಿನಿಂದ ಓಡಾಡಿ ಬೆವೆತಿದ್ದರು. ಹಲಗೆ ಯಾತಕ್ಕೆಂದು ಕೇಳಿ ತಿಳಿದುಕೊಂಡರು, ವಸುಧಾಳನ್ನು ನೋಡಿದರು, ಐಲೀನರನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ನನಗೆ ಕೇಳುವಷ್ಟೇ ದೂರ.

"ಐಲೀನ್, ಇಲ್ಲಿಗೆ ಬರೋರು ಸಂಪ್ರದಾಯ ನೋಡೋಕೆ ಬರ್ತಾರೆ. ಆ ನೆಲದ ಮೇಲೆ ಕೂರೋದು ಬೇರೆ ಏನೋ ಕಾರ್ಯಕ್ರಮದ ಥರ ಕಾಣುತ್ತೆ. ನೀವು ಮೂವರು ನುಡಿಸಿ. ಆಮೇಲೆ ಆಕೆ ಭಾರತದ ಅತಿಥಿ ಅಂತ ಬಂದು, ಅವರದೇ ಒಂದು ನುಡಿಸಲಿ. ಚೆನ್ನಾಗಿರುತ್ತೆ."

ವಸುಧಾಳಿಗೂ ಕೇಳಿಸಿತು. ಅವಳ ಮುಖ ನಾನು ನೋಡಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳಿಗೆ ಸಿಟ್ಟು ಬಂದಾಗ ಕಂಡಿದ್ದೇನೆ, ಬೇಜಾರಾದಾಗ ಕಂಡಿದ್ದೇನೆ. ಆದರೆ ತಾನು ಇನ್ನೊಬ್ಬರಿಗೆ ತೊಂದರೆಯಾದೆನಲ್ಲ ಎಂಬ ಆ ಮುಖ ನನಗೆ ಹೊಸದು. ಅವಳು ಹತ್ತಿರ ಹೋಗಿ, "ಐಲೀನ್, ನಾನು ಕುರ್ಚಿ ಮೇಲೇ ಕೂತ್ಕೋತೀನಿ. ಇಲ್ಲಾಂದ್ರೆ ಇವತ್ತು ಬಿಟ್ಟುಬಿಡ್ತೀನಿ. ಇದು ನಿಮ್ಮ ದಿನ" ಎಂದಳು.

ಐಲೀನ್ ಅವಳ ಕಡೆ ತಿರುಗಲೂ ಇಲ್ಲ. ಡೆನಿಸ್‌ಗೆ ಹೇಳಿದರು: "ಇದೇ ವೇದಿಕೆ ಮೇಲೆ ನಮ್ಮ ತಾತ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನುಡಿಸ್ತಿದ್ದರು. ಯಾರೂ ಕುರ್ಚಿ ತಗೋ ಅನ್ನಲಿಲ್ಲ. ಇವಳು ಅತಿಥಿ ಅಲ್ಲ, ನಮ್ಮ ಫಿಡ್ಲರ್. ಆ ಹಲಗೆ ವೇದಿಕೆ ಹತ್ತದಿದ್ದರೆ ನಾವು ಯಾರೂ ಹತ್ತಲ್ಲ. ಶ್ರೀಕಂಠ, ಕಾರ್ ತೆಗಿ."

ಬ್ರಯನ್ ಆಗಲೇ ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ರೋಸ್ ಕೋಟು ತೊಟ್ಟಾಗಿತ್ತು. ನಾನು ಹಲಗೆ ಹಿಡಿದುಕೊಂಡು ನಿಂತಿದ್ದೆ. ಕಾರಿನ ಕೀ ಜೇಬಿನಲ್ಲಿತ್ತು, ತೆಗೆಯಲು ಕೈ ಖಾಲಿ ಇರಲಿಲ್ಲ. ಐಲೀನ್ ಬಿಟ್ಟುಕೊಡುತ್ತಿದ್ದದ್ದು ಏನೆಂದು ನಮಗೆಲ್ಲ ಗೊತ್ತಿತ್ತು.

ಡೆನಿಸ್ ಹಣೆ ಒರೆಸಿಕೊಂಡರು. "ನೀನು ಚಿಕ್ಕಂದಿನಲ್ಲೂ ಹೀಗೇ ಇದ್ದೆ ಅಂತ ಫ್ರಾಂಕ್ ಹೇಳಿದ್ದ," ಎಂದು, ನನ್ನ ಕೈಯಿಂದ ಹಲಗೆಯ ಒಂದು ತುದಿ ತಾವೇ ಹಿಡಿದುಕೊಂಡರು. ಇಬ್ಬರೂ ಸೇರಿ ವೇದಿಕೆಗೆ ಹೊತ್ತೆವು.

ಹಾಲ್ ಜನರಿಂದ ತುಂಬಿತ್ತು. ಮೊದಲ ಎರಡು ಟ್ಯೂನು ನಿಧಾನದವು, ಚೆನ್ನಾಗಿಯೇ ಹೋದವು. ಮೂರನೆಯದು ಓಡುವ ಟ್ಯೂನು. ನಡುವೆ ಏನೋ ಆಯಿತು. ನನ್ನ ಕಿವಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಗೊತ್ತಾಯಿತು: ಐಲೀನರ ಎಡಗೈ ಬೆರಳುಗಳು ತಂತಿಯ ಮೇಲೆ ಹಾಗೇ ನಿಂತುಬಿಟ್ಟವು. ಅವರು ಕಮಾನನ್ನು ಮೆಲ್ಲಗೆ ಮಡಿಲಿಗೆ ಇಳಿಸಿದರು. ಗಿಟಾರು ತಡವರಿಸಿತು. ಆಗ ವಸುಧಾ ತಲೆ ಎತ್ತಲಿಲ್ಲ, ಕಮಾನು ಮಾತ್ರ ಒತ್ತಿದಳು. ಅಷ್ಟು ಹೊತ್ತು ಐಲೀನರ ನೆರಳಿನ ಹಾಗೆ ಜೊತೆಗಿದ್ದ ಪಿಟೀಲು ಮುಂದೆ ಬಂತು. ಗಿಟಾರು ಅದನ್ನು ಹಿಡಿಯಿತು, ಕೊಳಲು ಅದನ್ನು ಹಿಡಿಯಿತು. ಐಲೀನ್ ಅವಳನ್ನು ಒಂದು ಸಲ ನೋಡಿ, ಕಾಲಲ್ಲಿ ತಾಳ ಹಾಕುತ್ತಾ ಬಾಯಲ್ಲೇ ಟ್ಯೂನು ಹೇಳತೊಡಗಿದರು. ನಮ್ಮಲ್ಲಿ ಕೊನ್ನಕ್ಕೋಲ್ ಹೇಳುತ್ತಾರಲ್ಲ, ಅವರಲ್ಲೂ ಹಾಗೆ ಬಾಯಲ್ಲಿ ನುಡಿಸುವ ಪದ್ಧತಿ ಇದೆ. ವಾದ್ಯವಿಲ್ಲದಾಗ ಕುಣಿಯುವವರಿಗಾಗಿ ಹುಟ್ಟಿದ್ದು. ಡಿಡ್ಲ ಡೈ ಡಿಡ್ಲ ಡಮ್ ಎಂದು ಆ ಬಿಳಿಕೂದಲಿನ ಹೆಂಗಸು ಹೇಳುವುದು, ಹಲಗೆಯ ಮೇಲಿಂದ ನನ್ನ ಹೆಂಡತಿ ಅದಕ್ಕೆ ಸರಿಯಾಗಿ ಉತ್ತರ ಕೊಡುವುದು. ಹಿಂದಿನ ಸಾಲುಗಳಲ್ಲಿ ಜನ ಎದ್ದು ನಿಂತಿದ್ದರು. ಯಾರೋ ಕುಣಿಯುತ್ತಿದ್ದರು.

ಮೇಘನಾ ನನ್ನ ಪಕ್ಕದಲ್ಲಿದ್ದಳು. ಹೈಸ್ಕೂಲಿನಲ್ಲಿದ್ದಾಗ, ಸಂಘದ ಕಾರ್ಯಕ್ರಮಕ್ಕೆಂದು ಅಮ್ಮ ಪಿಟೀಲು ಇಳಿಸಿದ ದಿನ ಗೆಳತಿಯರು ಬಂದರೆ, ಅವರಿಗೆ ಕೇಳಿಸದಿರಲಿ ಎಂದು ಅಮ್ಮನ ರೂಮಿನ ಬಾಗಿಲು ಹಾಕಿ ಬರುತ್ತಿದ್ದ ಮಗಳು. ಅವಳ ಆಚೆಗಿದ್ದವರು ಬಾಗಿ ಏನೋ ಕೇಳಿದರು. ಇವಳು ಇಡೀ ಸಾಲಿಗೆ ಕೇಳುವ ಹಾಗೆ, "ದಟ್ಸ್ ಮೈ ಮಾಮ್!" ಎಂದಳು. ನನ್ನ ಮಡಿಲಿನಲ್ಲಿದ್ದ ಯಾರದೋ ಕೋಟಿನಲ್ಲಿ ನಾನು ಕಣ್ಣು ಒರೆಸಿಕೊಂಡೆ. ರೋಸ್ ಅವರದು ಎಂದು ಆಮೇಲೆ ತಿಳಿಯಿತು. ಈ ಸಲ ಚಪ್ಪಾಳೆಗೆ ಯಾರ ಹುಬ್ಬನ್ನೂ ಕಾಯಲಿಲ್ಲ.

ಕಾರ್ಯಕ್ರಮವಾದ ಮೇಲೆ ಐಲೀನರ ಅಣ್ಣ ಫ್ರಾಂಕ್ ಊರುಗೋಲು ಊರಿಕೊಂಡು ಬಂದರು. ತೊಂಬತ್ತರ ಹತ್ತಿರದ ವಯಸ್ಸು, ಕಿವಿ ಮಂದ. ಐರಿಷ್ ಮೂಲದವರು ಹೊಸಬರನ್ನು ಕಂಡರೆ ಮೊದಲು ಕೇಳುವುದು ನಿಮ್ಮ ಹಿರಿಯರದು ಯಾವ ಕೌಂಟಿ ಎಂದು. ನಾವು ಯಾವ ಜಿಲ್ಲೆ, ಯಾವ ತಾಲ್ಲೂಕು ಎಂದು ಕೇಳುವುದಿಲ್ಲವೇ, ಹಾಗೆ. ಅವರು ವಸುಧಾಳ ಎರಡೂ ಕೈ ಹಿಡಿದುಕೊಂಡು ಕೇಳಿದರು.

"ನಿಮ್ಮ ಮನೆಯವರದು ಯಾವ ಕೌಂಟಿಯಮ್ಮಾ?"

ವಸುಧಾ ಒಂದು ಕ್ಷಣ ತಬ್ಬಿಬ್ಬಾಗಿ, "ಮೈಸೂರು" ಎಂದಳು.

ಫ್ರಾಂಕ್ ಯೋಚಿಸಿದರು. "ನಾನು ಕೇಳಿಲ್ಲ. ದಕ್ಷಿಣದ ಕಡೆ ಇರಬೇಕು."

"ಹೌದು. ತೀರಾ ದಕ್ಷಿಣ."

"ಅದೇ ಅಂದುಕೊಂಡೆ," ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು. "ದಕ್ಷಿಣದವರ ಕಮಾನು ಯಾವಾಗಲೂ ಸ್ವಲ್ಪ ಸಿಹಿ." ಅವರು ತಮಾಷೆ ಮಾಡಿದರೋ ನಿಜವಾಗಿ ನಂಬಿದರೋ ಐಲೀನರಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

ಮರುದಿನ ವಾಪಸು ಬರುವಾಗ, ಹೈವೇಯಲ್ಲಿ ಕಲಮಜೂ ಎಕ್ಸಿಟ್ ದಾಟಿದ ಮೇಲೆ ಐಲೀನ್, "ಇನ್ನು ನಾನು ಪಿಟೀಲು ಹಿಡಿಯಲ್ಲ. ಸೋಮವಾರ ನಿಲ್ಲೋದಿಲ್ಲ. ಟ್ಯೂನ್ ಶುರು ಮಾಡೋದು ಇನ್ನುಮೇಲೆ ನೀನು" ಎಂದರು. ಅವರ ಸಂಗೀತದಲ್ಲಿ ಟ್ಯೂನನ್ನು ಶುರು ಮಾಡುವವರೇ ಯಜಮಾನರು. ಉಳಿದವರು ಅವರ ಹಿಂದೆ. ವಸುಧಾ ಬೇಡ ಎಂದಳು, ನೀವಿಲ್ಲದೆ ಹೇಗೆ ಎಂದಳು, ಅತ್ತಳು. "ನಾನಿಲ್ಲ ಅಂತ ಯಾರು ಹೇಳಿದ್ದು? ಬಾಯಿ ಇನ್ನೂ ಗಟ್ಟಿ ಇದೆ," ಎಂದರು ಐಲೀನ್.

ಈಗ ಸೋಮವಾರಗಳು ನಮ್ಮ ಮನೆಯಲ್ಲಿ. ಐಲೀನರಿಗೆ ಕಿಟಕಿಯ ಪಕ್ಕದ ಸೋಫಾ ಮೀಸಲು. ನನ್ನ ಟೀಯಲ್ಲಿ ಶುಂಠಿ ಜಾಸ್ತಿ ಎಂದು ಪ್ರತಿ ವಾರ ದೂರುತ್ತಾರೆ, ಪ್ರತಿ ವಾರ ಇನ್ನೊಂದು ಕಪ್ಪು ಕೇಳುತ್ತಾರೆ. ಟೀ ಮುಗಿಯುತ್ತದೆ, ಶ್ರುತಿ ಸೇರಿಸುವುದು ಮುಗಿಯುತ್ತದೆ. ಆಮೇಲೆ ಮನೆ ನಿಶ್ಶಬ್ದವಾಗುತ್ತದೆ. ಬ್ರಯನ್ ಬೆರಳು ತಂತಿಯ ಮೇಲಿಟ್ಟು, ರೋಸ್ ಕೊಳಲನ್ನು ತುಟಿಗೆ ತಂದು, ಐಲೀನ್ ಕಣ್ಣು ಮುಚ್ಚಿ, ಮೂವರೂ ಕಾಯುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ಲೋಟ ಒರೆಸುವುದನ್ನು ನಿಲ್ಲಿಸುತ್ತೇನೆ. ಯಾವ ರಾಗ, ಯಾವ ಟ್ಯೂನು, ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ವಸುಧಾ ತಲೆ ತಗ್ಗಿಸಿ, ಒಂದು ಉಸಿರು ಎಳೆದುಕೊಂಡು, ಕಮಾನು ಇಡುತ್ತಾಳೆ. ಅವಳು ಶುರು ಮಾಡಿದ ಮೇಲೆಯೇ ಎಲ್ಲರೂ ಶುರು ಮಾಡುತ್ತಾರೆ.